ಅದೃಷ್ಟದ ಪೆನ್ನಿಗೆ ಇಸ್ತ್ರಿ

ಈ ಜಗತ್ತಿನಲ್ಲಿ ಎರಡೇ ಬಗೆಯ ಜನರಿದ್ದಾರೆ ಎಂದು ನಾನು ಬಹಳ ಕಾಲ ನಂಬಿದ್ದೆ. ಪುರಾವೆ ಕೇಳುವವರು ಮತ್ತು ಪೆದ್ದರು! ಮೊದಲನೆಯ ಗುಂಪಿನಲ್ಲಿ ಸದ್ಯಕ್ಕೆ ನಾನೊಬ್ಬನೇ ಇದ್ದೆ. ಬೇರೆಯವರು ಬಂದು ಸೇರಲಿ ಎಂದು ಬಾಗಿಲು ತೆರೆದೇ ಇಟ್ಟಿದ್ದೆ, ಯಾರೂ ಬರಲಿಲ್ಲ.

ಬರುವುದಾದರೂ ಹೇಗೆ? ನಾನಿರುವುದು ವಿಮಾ ಕಚೇರಿಯಲ್ಲಿ. ಯಾವ ವಯಸ್ಸಿನವರು ಎಷ್ಟು ಮಂದಿ ಮೆಟ್ಟಿಲಿನಿಂದ ಉರುಳುತ್ತಾರೆ, ಎಷ್ಟು ಮಂದಿ ಮತ್ತೆ ಎದ್ದು ಓಡಾಡುತ್ತಾರೆ ಎಂಬ ಲೆಕ್ಕದ ಪಟ್ಟಿಗಳೇ ನನ್ನ ಊಟ, ತಿಂಡಿ. ಅಂಥ ಕಚೇರಿಯಲ್ಲಿ ಕೂತು ನನ್ನ ಪಕ್ಕದ ಮೇಜಿನ ಕ್ಯಾಷಿಯರ್ ಕೇಳುವ ಪ್ರಶ್ನೆ ನೋಡಿ: "ಸಾರ್, ಹದಿಮೂರನೇ ತಾರೀಖು ಪಾಲಿಸಿ ಮಾಡಿಸಿದ್ರೆ ಬೇಗ ಹೋಗಿಬಿಡ್ತಾರಂತೆ, ನಿಜವಾ?" ಮರುದಿನ ಇನ್ನೊಂದು: "ಭೂಮಿ ಅಷ್ಟು ಜೋರಾಗಿ ತಿರುಗ್ತಿದ್ರೆ ನಮಗ್ಯಾಕೆ ಸಾರ್ ತಲೆ ಸುತ್ತಲ್ಲ?" ನಿನ್ನಂಥವರಿಗೆ ಸುತ್ತುವುದಕ್ಕೆ ಒಳಗೆ ಏನಾದರೂ ಇರಬೇಕಲ್ಲ ಮಹಾರಾಯ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು, ವೇಗ, ಗುರುತ್ವಾಕರ್ಷಣೆ ಎಂದು ಅರ್ಧ ಗಂಟೆ ವಿವರಿಸಿದೆ. ಕೊನೆಗೆ ಆತ, "ಅಂದ್ರೆ ಹದಿಮೂರನೇ ತಾರೀಖು ಬೇಡ ಅಂತೀರಾ?" ಎಂದ!

ಊರನ್ನು ತಿದ್ದಲಾಗದಿದ್ದರೆ ಹೋಗಲಿ, ನನ್ನ ಮನೆಯನ್ನಂತೂ ತಿದ್ದಿಯೇ ತೀರುತ್ತೇನೆ ಎಂದು ನಾನು ಆವತ್ತೇ ಪಣ ತೊಟ್ಟೆ. ಮನೆಯಲ್ಲಿದ್ದ ಮೂಢನಂಬಿಕೆ ಒಂದೇ ಒಂದು. ಉದ್ದ ಒಂದು ಗೇಣು, ಬಣ್ಣ ನೀಲಿ. ನಮ್ಮ ಪುಟ್ಟಿಯ ಅದೃಷ್ಟದ ಪೆನ್ನು.

ಪುಟ್ಟಿ ಏಳನೇ ಕ್ಲಾಸು. ಗಣಿತವೆಂದರೆ ಜ್ವರ. ಆ ಪೆನ್ನಿನಲ್ಲಿ ಬರೆದ ಪರೀಕ್ಷೆಯಲ್ಲಿ ಯಾವಾಗಲೋ ಒಮ್ಮೆ ಪಾಸಾಗಿದ್ದಳು. ಅಂದಿನಿಂದ ಅದು ಪೆನ್ನಲ್ಲ, ಮನೆದೇವರು! ಪರೀಕ್ಷೆಗಷ್ಟೇ ಹೊರಗೆ ಬರುತ್ತಿತ್ತು. ಯೋಚನೆ ಬಂದಾಗಲೆಲ್ಲ ಅದರ ಬಾಲವನ್ನು ಕಚ್ಚಿ ಕಚ್ಚಿ ಇಲಿ ಕಡಿದ ಹಾಗೆ ಮಾಡಿದ್ದಳು.

"ಪೆನ್ನಿಗೆ ಲೆಕ್ಕ ಬರುತ್ತೇನೇ?" ಎಂದು ಕೇಳಿದೆ.

"ಪೆನ್ನಿಗೆ ಬರಲ್ಲ ಅಪ್ಪ. ಅದು ಕೈಲಿದ್ರೆ ನಂಗೆ ಬರುತ್ತೆ."

"ಪುರಾವೆ?"

"ಹೋದ ಸಲ ಪಾಸಾದ್ನಲ್ಲ!"

"ಹೋದ ಸಲ ನೀನು ಚಪ್ಪಲಿಯನ್ನೂ ಹಾಕಿದ್ದೆ. ಅದನ್ನೂ ಪೂಜೆ ಮಾಡು!"

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. "ರೀ, ಈ ಪರೀಕ್ಷೇಲಿ ಫೇಲಾದ್ರೆ ಅದೇ ಕ್ಲಾಸಲ್ಲಿ ಇನ್ನೊಂದು ವರ್ಷ ಕೂರಬೇಕು. ಮಗು ಪೆನ್ನಾದ್ರೂ ಹಿಡಿದುಕೊಳ್ಳಲಿ, ಪೊರಕೆಯಾದ್ರೂ ಹಿಡಿದುಕೊಳ್ಳಲಿ. ಸುಮ್ಮನಿರಿ."

ಸುಮ್ಮನಿರುವುದೇ? ನಾನೇ? ಮಗಳ ಬುದ್ಧಿಗೆ ತುಕ್ಕು ಹಿಡಿಯುತ್ತಿರುವಾಗ! ಒಂದು ಪ್ರಯೋಗ ಹೂಡಿದೆ. ಅದೇ ಥರದ ಇನ್ನೊಂದು ಪೆನ್ನು ತಂದು ಗುಟ್ಟಾಗಿ ಬದಲಾಯಿಸುವುದು. ಪುಟ್ಟಿ ಅದರಲ್ಲೇ ಪರೀಕ್ಷೆ ಬರೆಯುವುದು. ಪಾಸಾದ ಮೇಲೆ ಅಸಲಿ ಪೆನ್ನನ್ನು ಮೇಜಿನ ಮೇಲಿಟ್ಟು, "ನೋಡು ಮಗಳೇ, ನಿನ್ನ ಅದೃಷ್ಟ ಇಷ್ಟು ದಿನ ನನ್ನ ಜೇಬಿನಲ್ಲಿ ನಿದ್ದೆ ಮಾಡುತ್ತಿತ್ತು!" ಎಂದು ಘೋಷಿಸುವುದು. ಹೆಂಡತಿ ಬೆರಗಾಗುವುದು. ಆಮೇಲಿನ ಭಾಷಣವನ್ನೂ ಸಿದ್ಧ ಮಾಡಿಕೊಂಡಿದ್ದೆ.

ಪೆನ್ನು ಸುಲಭವಾಗಿ ಸಿಕ್ಕಿತು. ಅದೇ ನೀಲಿ, ಅದೇ ದಪ್ಪ. ಮೇಲಿನ ಚೀಟಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಏನೇನೋ ಇತ್ತು. ಪೆನ್ನಿನ ಬಗ್ಗೆ ಓದಿ ತಿಳಿಯುವಂಥದ್ದು ಏನಿದೆ ಎಂದು ಹರಿದು ಬಿಸಾಡಿದೆ. ಉಳಿದದ್ದು ಹಲ್ಲಿನ ಗುರುತು. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಕೂತು ನಾನೇ ಕಚ್ಚಿದೆ! ವಿಜ್ಞಾನಕ್ಕಾಗಿ ಯಾರ್ಯಾರೋ ಏನೇನೋ ತ್ಯಾಗ ಮಾಡಿದ್ದಾರೆ, ನಾನು ಪ್ಲಾಸ್ಟಿಕ್ ಅಗಿದೆ. ತುದಿಯಲ್ಲಿ ರಬ್ಬರಿನಂಥ ಮೆತ್ತನೆಯ ಚೂರೊಂದಿತ್ತು. ಪೆನ್ನಿಗೆ ರಬ್ಬರು ಯಾಕೆ ಎಂದು ಒಂದು ಕ್ಷಣವೂ ಯೋಚಿಸದೆ ಅದನ್ನು ಕಿತ್ತು ಉಗಿದೆ. ಪರೀಕ್ಷೆಯ ಹಿಂದಿನ ರಾತ್ರಿ ಪುಟ್ಟಿಯ ಕಂಪಾಸು ಪೆಟ್ಟಿಗೆಗೆ ಹೊಸ ಪೆನ್ನು ಹೋಯಿತು, ಹಳೆಯದು ನನ್ನ ಜೇಬಿಗೆ ಬಂತು.

ಪುಟ್ಟಿ ಪರೀಕ್ಷೆ ಬರೆದು ಕುಣಿಯುತ್ತ ಬಂದಳು. ನಾನು ಜೇಬು ಮುಟ್ಟಿಕೊಂಡು ಒಳಗೊಳಗೇ ನಕ್ಕೆ.

ತಿದ್ದಿದ ಉತ್ತರಪತ್ರಿಕೆ ಪೋಷಕರ ಸಹಿಗೆಂದು ಮನೆಗೆ ಬಂದ ದಿನ ನಗು ನಿಂತಿತು. ಪಾಸಾಗಲು ಮೂವತ್ತೈದು ಬೇಕು, ಬಂದದ್ದು ಮೂವತ್ಮೂರು. ಪುಟ್ಟಿ ಬ್ಯಾಗನ್ನು ತಬ್ಬಿಕೊಂಡು ಮೂಲೆಯಲ್ಲಿ ಕೂತಿದ್ದಳು. ಅಳು ಜೋರಾಗಿದ್ದರೆ ಗದರಿಸಬಹುದಿತ್ತು, ಅವಳು ಬ್ಯಾಗಿನ ಪಟ್ಟಿಯಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಪೆನ್ನು ಬದಲಾಯಿಸಬಾರದಿತ್ತು ಎಂದು ನನಗೇ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಆದರೆ ನಾನು ಯಾರು? ವಿಮಾ ಕಚೇರಿಯವನು! ಅಂಕಗಳನ್ನು ಮತ್ತೆ ಕೂಡಿದೆ. ಸಿಕ್ಕೇಬಿಟ್ಟಿತು! ತ್ರಿಭುಜದ ಲೆಕ್ಕಕ್ಕೆ ಮೇಡಂ ಕೊಟ್ಟ ನಾಲ್ಕು ಅಂಕ ಮೊತ್ತದಲ್ಲಿ ಸೇರಿಯೇ ಇರಲಿಲ್ಲ. ನಿಜವಾಗಿ ಮೂವತ್ತೇಳು!

"ಪುಟ್ಟೀ, ನೀನು ಪಾಸು!" ಎಂದು ಕೂಗಿದೆ. "ನಾಳೆ ನಾನೇ ಬರ್ತೀನಿ ಸ್ಕೂಲಿಗೆ. ಗಣಿತದ ಮೇಡಂಗೆ ಕೂಡುವ ಲೆಕ್ಕ ಹೇಳಿಕೊಟ್ಟು ಬರ್ತೀನಿ!"

ಮರುದಿನವೇ ಕೊನೆಯ ದಿನ. ಅಂಕ ತಪ್ಪಿದ್ದರೆ ಅಷ್ಟರೊಳಗೆ ಪತ್ರಿಕೆಯನ್ನೇ ತಂದು ತೋರಿಸಬೇಕೆಂಬುದು ಸ್ಕೂಲಿನ ನಿಯಮ. ಪತ್ರಿಕೆಯೋ, ಬ್ಯಾಗಿನಲ್ಲಿ ನೀರಿನ ಬಾಟಲಿ ಸೋರಿ ಒದ್ದೆಯಾಗಿ ಮುದುಡಿಹೋಗಿತ್ತು. ಇಂಥದ್ದನ್ನು ಹಿಡಿದುಕೊಂಡು ಹೋಗಿ ಒಬ್ಬ ಮೇಡಂಗೆ ಬುದ್ಧಿ ಹೇಳುವುದು ಹೇಗೆ? ಪುರಾವೆ ಎಂದಮೇಲೆ ಪುರಾವೆಗೊಂದು ಗತ್ತು ಬೇಡವೇ! ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ, ಮೇಲೊಂದು ಬಟ್ಟೆ ಹಾಸಿ, ಹಾಳೆ ಹಾಳೆಯನ್ನೂ ಗರಿಗರಿಯಾಗಿ ಒತ್ತಿದೆ.

ಬಟ್ಟೆ ಸರಿಸಿದೆ.

ಹಾಳೆಗಳು ಬೆಳ್ಳಗಿದ್ದವು. ಒಂದಕ್ಷರವಿಲ್ಲ, ಒಂದಂಕಿಯಿಲ್ಲ. ಮೇಡಂ ಹಾಕಿದ ಕೆಂಪು ಗುರುತುಗಳು ಮಾತ್ರ ಹಾಗೆಯೇ ಇದ್ದವು. ಖಾಲಿ ಜಾಗಕ್ಕೆ ಎರಡು ಅಂಕ! ಇನ್ನೊಂದು ಖಾಲಿ ಜಾಗಕ್ಕೆ "ಹಂತಗಳು ಎಲ್ಲಿ?" ತ್ರಿಭುಜವಿದ್ದ ಕಡೆ ಬಯಲು, ಬಯಲಿನ ಪಕ್ಕ "ಉತ್ತಮ"!

ನನ್ನ ಬಾಯಿಂದ ಹೊರಟ ಶಬ್ದ ಕೇಳಿ ಇಬ್ಬರೂ ಓಡಿ ಬಂದರು.

"ರೀ, ಏನ್ರೀ ಮಾಡಿದ್ರಿ?"

"ಇಸ್ತ್ರಿ."

"ಲೆಕ್ಕಕ್ಕಾ?"

ಪುಟ್ಟಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಅಪ್ಪ, ನನ್ನ ಫ್ರೆಂಡ್ ಹತ್ರ ಒಂದು ಪೆನ್ನಿದೆ. ಅದರ ಬಾಲದಲ್ಲಿ ರಬ್ಬರ್ ಇರುತ್ತೆ, ಉಜ್ಜಿದ್ರೆ ಬಿಸಿಗೆ ಇಂಕು ಮಾಯ. ಇದೂ ಹಂಗೇ ಆಗಿದೆ. ಫ್ರೀಜರಲ್ಲಿಟ್ರೆ ವಾಪಸ್ ಬರುತ್ತೆ ಅಂತಿದ್ಲು. ಆದ್ರೆ ನಾನು ಬರೆದಿದ್ದು ನನ್ನ ಪೆನ್ನಲ್ಲಲ್ವಾ?"

ಕೊನೆಯ ಪ್ರಶ್ನೆ ನನಗೆ ಕೇಳಿಸಲೇ ಇಲ್ಲ ಎಂಬಂತೆ ಮೊದಲಿನದನ್ನು ಹಿಡಿದುಕೊಂಡೆ. "ಫ್ರೀಜರಲ್ಲಿಟ್ರೆ ವಾಪಸ್ ಬರುತ್ತಾ? ಹೋದ ಇಂಕು ಚಳಿಗೆ ನಡುಗಿಕೊಂಡು ಮನೆಗೆ ಬರುತ್ತೇನೇ? ಇಂಥ ಮೂಢನಂಬಿಕೆಯಿಂದಲೇ ದೇಶ ಹಾಳಾಗಿರೋದು! ಸುಟ್ಟ ಕಾಗದ ಮತ್ತೆ ಕಾಗದ ಆಗುತ್ತಾ? ಬೆಂದ ಮೊಟ್ಟೆ ಹಸಿ ಆಗುತ್ತಾ? ಇದನ್ನು ವಿಜ್ಞಾನದಲ್ಲಿ ಏನಂತಾರೆ ಗೊತ್ತಾ..."

ವಿಜ್ಞಾನದಲ್ಲಿ ಏನೆನ್ನುತ್ತಾರೆ ಎಂದು ನೆನಪು ಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ ಹಾಳೆಗಳನ್ನು ಕವರಿಗೆ ಹಾಕಿ, ಬಟಾಣಿ ಪೊಟ್ಟಣದ ಪಕ್ಕ ಇಟ್ಟು, ಫ್ರೀಜರಿನ ಬಾಗಿಲು ಹಾಕಿಯಾಗಿತ್ತು. ಆಮೇಲೆ ಪುಟ್ಟಿಯ ಪೆಟ್ಟಿಗೆಯಿಂದ ಪೆನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಪುಟ್ಟಿ ಮುಖ ತೊಳೆಯಲು ಹೋದದ್ದೇ ತಡ, ನನ್ನ ಹತ್ತಿರ ಬಂದಳು.

"ಬಾಯಿ ತೆಗೀರಿ."

"ಯಾಕೆ?"

"ತೆಗೀರಿ ಅಂದೆ." ನನ್ನ ಮುಂದಿನ ಹಲ್ಲೊಂದರ ಮೂಲೆ ಮುರಿದಿದೆ. ಅವಳು ಪೆನ್ನಿನ ಬಾಲವನ್ನೂ ಆ ಹಲ್ಲನ್ನೂ ಸರದಿಯ ಮೇಲೆ ನೋಡಿದಳು. "ದಿನಾ ನೂರು ಬಾಯಿ ನೋಡ್ತೀನಿ ನಾನು. ಇದು ಮಗು ಕಚ್ಚಿದ್ದಲ್ಲ."

ನಾನು ಬಾಯಿ ಮುಚ್ಚಿದೆ. ಆ ದಿನ ಅದನ್ನು ಮತ್ತೆ ತೆರೆಯುವ ಧೈರ್ಯವಾಗಲಿಲ್ಲ.

"ನಾಳೆ ಅಕ್ಷರ ಬಂದ್ರೆ ಬದುಕಿಕೊಂಡ್ರಿ. ಬರದಿದ್ರೆ ಮಗಳಿಗೆ ನೀವೇ ಹೇಳ್ಬೇಕು" ಎಂದಳು.

ಬೆಳಿಗ್ಗೆ ಎದ್ದವನೇ ಫ್ರೀಜರಿನ ಮುಂದೆ ನಿಂತೆ. ಬಾಗಿಲ ಹಿಡಿ ಮುಟ್ಟುವ ಮುನ್ನ ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು, ತುಟಿಯೂ ಏನೋ ಗೊಣಗಿತು. ಏನೆಂದು ಕೇಳಬೇಡಿ. ಕವರು ತೆಗೆದೆ. ಬಂದಿತ್ತು! ತ್ರಿಭುಜ ತನ್ನ ಮೂರೂ ಮೂಲೆಗಳ ಸಮೇತ ಬಂದು ಕೂತಿತ್ತು! ಬಟಾಣಿ ಪೊಟ್ಟಣವನ್ನೇ ಅಪ್ಪಿಕೊಂಡೆ.

ಆದರೂ ನನಗೆ ನಂಬಿಕೆ ಸಾಲದು. ದಾರಿಯ ಬಿಸಿಲಿಗೆ ಮತ್ತೆ ಹೋದರೆ? ಐಸ್ ಪೆಟ್ಟಿಗೆಯೊಂದರಲ್ಲಿ ಮಂಜುಗಡ್ಡೆ ತುಂಬಿ, ನಡುವೆ ಕವರಿಟ್ಟು, ಎದೆಗೆ ಅವುಚಿಕೊಂಡು ಪುಟ್ಟಿಯ ಜೊತೆ ಸ್ಕೂಲಿಗೆ ನಡೆದೆ. ಸ್ಟಾಫ್ ರೂಮಿಗೆ ಕಾಲಿಡುತ್ತಲೇ ಮೇಡಂಗಳೆಲ್ಲ ಐಸ್‌ಕ್ರೀಮ್ ಬಂತೆಂದು ಕುರ್ಚಿ ಎಳೆದುಕೊಂಡು ಬಂದರು. ಗಣಿತದ ಮೇಡಂ ತಣ್ಣಗಿನ ಹಾಳೆಗಳನ್ನು ಬೆರಳ ತುದಿಯಲ್ಲಿ ಹಿಡಿದು ಕೂಡಿ ನೋಡಿದರು. "ಹೌದು, ನಂದೇ ತಪ್ಪು. ಮೂವತ್ತೇಳು" ಎಂದು ತಿದ್ದಿ ಸಹಿ ಹಾಕಿದರು. ಪುಟ್ಟಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ನನಗೆ ಕಣ್ಣು ತುಂಬಿ ಬಂತು.

ಆಗಲೇ ಹೊರಟುಬಿಡಬೇಕಿತ್ತು.

"ಅಲ್ಲ ಸಾರ್, ಪೇಪರನ್ನ ಐಸಲ್ಲಿ ಯಾಕೆ ತಂದ್ರಿ?" ಎಂದು ಮೇಡಂ ಕೇಳಿದರು.

ಸುಳ್ಳು ಹೇಳಲು ಬಾಯಿ ತೆರೆದೆ. ಪುಟ್ಟಿ ನನ್ನನ್ನೇ ನೋಡುತ್ತಿದ್ದಳು. ಇಸ್ತ್ರಿಯಿಂದ ಶುರುಮಾಡಿ, ಪೆನ್ನು ಬದಲಾಯಿಸಿದ್ದು, ಬಾತ್‌ರೂಮಿನಲ್ಲಿ ಕೂತು ಕಚ್ಚಿದ್ದು, ಎಲ್ಲವನ್ನೂ ಹೇಳಿದೆ. ಇಡೀ ಸ್ಟಾಫ್ ರೂಮು ಗೊಳ್ಳೆಂದಿತು. ಮಾನ ಹೋದದ್ದು ಹೋಯಿತು, ಪ್ರಯೋಗದ ಫಲವನ್ನಾದರೂ ಉಳಿಸಿಕೊಳ್ಳೋಣವೆಂದು ಗಂಟಲು ಸರಿಪಡಿಸಿಕೊಂಡೆ. "ಏನೇ ಇರಲಿ ಮಗಳೇ, ನಿನ್ನ ಪೆನ್ನಿಲ್ಲದೆಯೇ ನೀನು ಪಾಸಾದೆ. ಅದರಲ್ಲಿ ಅದೃಷ್ಟ ಗಿದೃಷ್ಟ ಏನೂ ಇಲ್ಲ ಅಂತ ಸಾಬೀತಾಯ್ತಲ್ಲ!"

ಪುಟ್ಟಿ ಒಂದೊಂದೇ ಬೆರಳು ಮಡಚತೊಡಗಿದಳು. ಸಿಟ್ಟಿನಿಂದಲ್ಲ, ಲೆಕ್ಕ ಮಾಡುವವಳ ಹಾಗೆ.

"ಅಪ್ಪ, ನನ್ನ ಪೆನ್ನಲ್ಲೇ ಬರೆದಿದ್ರೆ, ನೀನು ಇಸ್ತ್ರಿ ಮಾಡಿದ್ರೂ ಅಕ್ಷರ ಹೋಗ್ತಿತ್ತಾ?"

"ಇಲ್ಲ."

"ಫ್ರೀಜರಲ್ಲಿ ಇಡಬೇಕಿತ್ತಾ?"

"ಇಲ್ಲ."

"ನೀನು ಇಲ್ಲಿ ಎಲ್ಲರ ಮುಂದೆ ಹಿಂಗೆ ನಿಲ್ಲಬೇಕಿತ್ತಾ?"

"...ಇಲ್ಲ."

"ಇನ್ನೇನು ಪುರಾವೆ ಬೇಕು ಅಪ್ಪ?"

ಗಣಿತದ ಮೇಡಂ ಮೇಜು ತಟ್ಟಿ, "ಹಂತ ಹಂತವಾಗಿ ಬರೆದಿದ್ದಾಳೆ ನೋಡಿ. ಪೂರ್ತಿ ಅಂಕ!" ಎಂದರು.

ಪುಟ್ಟಿ ಕೈ ಚಾಚಿದಳು. "ನನ್ನ ಪೆನ್ನು ಕೊಡು."

ಇಷ್ಟು ದಿನವೂ ಅದು ನನ್ನ ಜೇಬಿನಲ್ಲೇ ಇತ್ತು. ತೆಗೆದು ಕೊಟ್ಟೆ. ಕೊಡುವಾಗ ಬೆರಳು ಒಂದಿಷ್ಟು ಬಿಗಿಯಿತು ಎಂದು ಪುಟ್ಟಿ ಈಗಲೂ ಹೇಳುತ್ತಾಳೆ, ನಾನು ಒಪ್ಪುವುದಿಲ್ಲ. ನನ್ನ ದೂರು ಇಷ್ಟೇ. ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ನನ್ನ ಬಡ್ತಿಯ ಸಂದರ್ಶನವಿತ್ತು. ಇನ್ನೊಂದು ದಿನ ಬಿಟ್ಟು ಕೇಳಬಾರದಿತ್ತೇ ಆ ಹುಡುಗಿ!