ತಳವಿಲ್ಲದ ಆರು ಡಬ್ಬಗಳು

ಪೀಣ್ಯದಲ್ಲಿ ಶೀಟು ಬಗ್ಗಿಸುವ ಶೆಡ್ಡು ಇಟ್ಟುಕೊಂಡವನು ವಿಚಿತ್ರಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಡ್ರಾಯಿಂಗ್ ಹಿಡಿದು ಬಾಗಿಲಿಗೆ ಬರುತ್ತವೆ. ಒಂದು ಸಲ ಮಣ್ಣಿನ ವಿಜ್ಞಾನದ ಮೇಡಂ ಒಬ್ಬರು ಹಾಗೇ ಬಂದರು.

೧. ತಳ ಎಲ್ಲಿ?

ಆರು ಸ್ಟೀಲ್ ಡಬ್ಬ ಬೇಕು, ಮುಚ್ಚಳ ಇರಬೇಕು, ತಳ ಇರಬಾರದು ಎಂದರು.

"ಕಾಡಿನ ಮಣ್ಣು ನೈಟ್ರಸ್ ಆಕ್ಸೈಡ್ ಅನ್ನೋ ಗಾಳಿ ಬಿಡುತ್ತೆ. ಡಬ್ಬಾನ ಮಣ್ಣಿನ ಮೇಲೆ ಕೂರಿಸಿ, ಒಳಗಿನ ಗಾಳಿ ಸಿರಿಂಜಲ್ಲಿ ಎಳ್ಕೋತೀವಿ. ಸೋರಿದ್ರೆ ನನ್ನ ಒಂದು ವರ್ಷದ ಕೆಲಸ ಹೋಯ್ತು."

ಅದು ನಗಿಸುವ ಗಾಳಿ ಎಂದು ಪಕ್ಕದ ಲೇತ್ ಯಜಮಾನರು ಎಲ್ಲೋ ಓದಿದ್ದರಂತೆ. ಡಬ್ಬ ತಯಾರಾದ ದಿನವೇ ಒಳಗೆ ತಲೆ ತೂರಿಸಿ ಜೋರಾಗಿ ಉಸಿರೆಳೆದರು.

"ನಗು ಬರ್ತಾನೇ ಇಲ್ವಲ್ರೀ!"

"ನಿಮಗೆ ಬರ್ತಿಲ್ಲ ಅಣ್ಣ, ನಮಗೆ ಬರ್ತಿದೆ" ಎಂದು ಶೆಡ್ಡಿನವರೆಲ್ಲ ಹೊಟ್ಟೆ ಹಿಡಿದುಕೊಂಡರು.

೨. ಭಾರದ ನೈಟ್ರೋಜನ್

ಮಣ್ಣಿಗೆ ನೀವು ಹಾಕೋ ನೈಟ್ರೋಜನ್ನಿನಿಂದಲೇ ಆ ಗಾಳಿ ಬಂತು ಅಂತ ಹೇಗೆ ಗೊತ್ತಾಗುತ್ತೆ ಎಂದು ಕೇಳಿದೆ. ಐಸೋಟೋಪ್ ಎಂದರು. ಅದೂ ನೈಟ್ರೋಜನ್ನೇ, ಕಣ ಮಾತ್ರ ಚೂರು ಭಾರ. ಅದನ್ನು ಮಣ್ಣಿಗೆ ಹಾಕಿ, ಗಾಳಿಯಲ್ಲಿ ಎಷ್ಟು ಬಂತೆಂದು ಮಿಷನ್ನಿನಲ್ಲಿ ನೋಡುತ್ತಾರೆ.

"ಮಂದೆಗೆ ಬಿಡೋ ಮುಂಚೆ ನಮ್ಮ ಕುರಿ ಬೆನ್ನಿಗೆ ಕೆಮ್ಮಣ್ಣು ಬಳೀತೀವಲ್ಲ, ಹಾಗೆ?"

"ಅದೇ ಕಣ್ರೀ!" ಮೇಡಂ ಹಿಗ್ಗಿದರು.

ಅಷ್ಟರಲ್ಲಿ ಬಾಗಲಕೋಟೆ ಕಡೆಯ ನಮ್ಮ ವೆಲ್ಡರ್, ಮೇಡಂ ತೋರಿಸಲು ತಂದಿದ್ದ ಸಾದಾ ನೈಟ್ರೋಜನ್ ಗೊಬ್ಬರದ್ದೊಂದು, ಭಾರದ್ದೊಂದು, ಎರಡೂ ಸೀಸೆಗಳನ್ನು ತಕ್ಕಡಿಗೆ ಇಟ್ಟೇಬಿಟ್ಟಿದ್ದ.

"ಎರಡೂ ಒಂದ ತೂಕ ಅದಾವ್ರಿ ಮೇಡಂ. ಭಾರದ್ದಂತ ಹೇಳಿ ಯಾರೋ ನಿಮಗ ಟೋಪಿ ಹಾಕ್ಯಾರ್ರಿ!"

೩. ಆರನೆಯ ಡಬ್ಬ

ಡಬ್ಬ ಕೂರಿಸಲು ಕಾಡಿಗೆ ನಾನೇ ಹೋದೆ. ಭೂಮಿತಾಯಿಗೆ ಹಾಲೆರೆಯದೆ ಅಗೆಯಲು ನನಗೆ ಕೈ ಏಳುವುದಿಲ್ಲ. ಈಶಾನ್ಯ ಮೂಲೆಯಲ್ಲಿ ಒಂದು ಲೋಟ ಎರೆದು, ಕೈಮುಗಿದು, ಕೆಲಸ ಮುಗಿಸಿ ಬಂದೆ.

ಕೆಲವು ವಾರ ಬಿಟ್ಟು ಕರೆ ಬಂತು. ಲ್ಯಾಬಿಗೆ ಹೋದರೆ ಮೇಡಂ ಶಿಷ್ಯ ಮುಖ ಗಂಟಿಕ್ಕಿ ಕೂತಿದ್ದ.

"ಆರನೇದು ಸೋರಿದೆ ಸಾರ್. ಭಾರದ ನೈಟ್ರೋಜನ್ ಪಾಲು ಕಮ್ಮಿ. ಹೊರಗಿನ ಗಾಳಿ ನುಗ್ಗಿದೆ."

ಒಂದು ಸೋರಿದರೆ ಉಳಿದ ಐದನ್ನು ಯಾರು ನಂಬುತ್ತಾರೆ?

ಮೇಡಂ ಕಾಗದ ನೋಡಿದರು. "ಸೋರಿದ್ರೆ ಒಟ್ಟು ನೈಟ್ರಸ್ ಆಕ್ಸೈಡೂ ಕಮ್ಮಿ ಇರ್ಬೇಕಿತ್ತು ಕಣೋ. ಇದ್ರಲ್ಲಿ ಎಲ್ಲಕ್ಕಿಂತ ಜಾಸ್ತಿ ಇದೆ. ನಾವು ಹಾಕದೇ ಇರೋ ನೈಟ್ರೋಜನ್ ಎಲ್ಲಿಂದಲೋ ಬಂದಿದೆ. ಆರನೇದು ಇರೋ ಈಶಾನ್ಯ ಮೂಲೇಲಿ ಯಾರಾದ್ರೂ ಏನಾದ್ರೂ ಹಾಕಿದ್ರಾ?"

ನಾನು ತಲೆ ತಗ್ಗಿಸಿದೆ. "ಹಾಲು ಮೇಡಂ. ನಾನೇ."

ಮೇಡಂ ಪೆನ್ನು ತೆಗೆದರು.

"ಹಸೂದೋ, ಎಮ್ಮೇದೋ?"

"ಹಸೂದು. ಒಂದು ಲೋಟ."

ಬರೆದುಕೊಂಡು ಹೇಳಿದರು: "ಹಾಲಲ್ಲೂ ಸಾದಾ ನೈಟ್ರೋಜನ್ ಇರುತ್ತೆ, ಅದೇ ಬೆರೆತಿದೆ. ನಿಮ್ಮ ಡಬ್ಬ ಸೋರಿಲ್ಲ, ಉಳಿದ ಐದರ ಲೆಕ್ಕ ಸರಿಯಾಗಿದೆ. ಪೂಜೆ ಬಿಡಿ ಅಂತ ನಾನು ಹೇಳಲ್ಲ ಯಜಮಾನ್ರೇ. ಮುಂದಿನ ಸಲ ಮಾತ್ರ ಆರಕ್ಕೂ ಅಳತೆ ಮಾಡಿ, ಒಂದೇ ಸಮ ಎರೀರಿ."