ತಿಂಗಳಿಗೊಂದು ಭಾನುವಾರ, ಮನೆಗೊಂದು ಡಬ್ಬಿ

ರುಚಿ ಬಲ್ಲವರು ಐದು ಜನ ಒಂದು ಕಡೆ ಸೇರಿದರೆ ಊಟ ಹೇಗಾಗುತ್ತದೋ ಹೇಳಲಾಗದು, ಅವಾಂತರವಂತೂ ತಪ್ಪಿದ್ದಲ್ಲ. ಬಸವನಗುಡಿಯ ನಮ್ಮ ಪಾಟ್‌ಲಕ್ ಬಳಗದಲ್ಲಿ ಅದು ತಿಂಗಳಿಗೊಂದಾದರೂ ಆಗುತ್ತಲೇ ಇರುತ್ತದೆ.

ನಾನು ಚಾಮರಾಜಪೇಟೆಯ ನಿವೃತ್ತ ಗಣಿತದ ಮೇಷ್ಟ್ರು. ಹೆಂಡತಿ ತೀರಿಕೊಂಡ ಮೇಲೆ ಮೂರು ಹೊತ್ತೂ ದರ್ಶಿನಿಯಲ್ಲಿ ನಿಂತೇ ತಿನ್ನುತ್ತಿದ್ದೆ. ಹಿಂದೆ ನಮ್ಮ ಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿದ್ದವರು ಅಲ್ಲಿಗೆ ಕಾಫಿಗೆ ಬಂದು ನನ್ನ ತಟ್ಟೆ ನೋಡಿದರು.

"ಮೇಷ್ಟ್ರೇ, ಭಾನುವಾರ ಮಧ್ಯಾಹ್ನ ನಮ್ಮನೆಗೆ ಬನ್ನಿ. ಎಲ್ರೂ ಒಂದೊಂದು ಅಡುಗೆ ಮಾಡ್ಕೊಂಡು ಬರ್ತಾರೆ. ನೀವೂ ಬರಿಗೈಲಿ ಬರೋ ಹಾಗಿಲ್ಲ."

ಒಲೆ ಹಚ್ಚದ ಅಡುಗೆ

ನನಗೆ ಒಲೆ ಹಚ್ಚಲು ಭಯ. ಹೆಸರುಬೇಳೆ ನೆನೆಸಿ, ಸೌತೆಕಾಯಿ ಹೆಚ್ಚಿ ಕೋಸಂಬರಿ ಮಾಡಿದೆ. ಅನ್ನ, ಸಾರು, ಪಲ್ಯ ಬೇರೆಯವರು ತಂದೇ ತರುತ್ತಾರಲ್ಲ!

ಭಾನುವಾರ ಹೆಡ್‌ಮಿಸ್ ಮನೆಯಲ್ಲಿ ಬಳಗದ ಬ್ಯಾಂಕ್ ಮ್ಯಾನೇಜರ್ ಡಬ್ಬಿ ತೆಗೆದರು: ಕೋಸಂಬರಿ. ವಕೀಲರದು ಕಡ್ಲೆಬೇಳೆ ಕೋಸಂಬರಿ. ಆಸ್ಪತ್ರೆಯ ನರ್ಸಮ್ಮ ತಂದದ್ದು ಕ್ಯಾರೆಟ್ ಕೋಸಂಬರಿ. ಹೆಡ್‌ಮಿಸ್ ಅಡುಗೆಮನೆಯಿಂದ ಹಿಡಿದು ಬಂದ ಪಾತ್ರೆಯಲ್ಲೂ ಅದೇ.

ಅವರ ಯಜಮಾನರು ಐದೂ ಪಾತ್ರೆ ನೋಡಿ ಭಕ್ತಿಯಿಂದ ಕೈಮುಗಿದರು. "ಇವತ್ತು ರಾಮನವಮಿ ಅಂತ ಮೊದ್ಲೇ ಹೇಳಿದ್ರೆ ಪಾನಕನಾದ್ರೂ ಮಾಡಿಡ್ತಿದ್ದೆ!"

ಖಾಲಿ ಡಬ್ಬಿ

ಹೊರಡುವಾಗ ಹೆಡ್‌ಮಿಸ್ ಸ್ಟೀಲ್ ಡಬ್ಬಿ ತುಂಬ ಚಟ್ನಿಪುಡಿ ಕೊಟ್ಟರು. ಇನ್ನೊಬ್ಬರ ಡಬ್ಬಿ ಖಾಲಿ ಹಿಂತಿರುಗಿಸಬಾರದು ಎನ್ನುತ್ತಿದ್ದಳು ನನ್ನ ಹೆಂಡತಿ. ಸಕ್ಕರೆ ತುಂಬಿ ಕೊಟ್ಟೆ. ಅದೇ ಡಬ್ಬಿಯಲ್ಲಿ ಮೆಂತ್ಯದ ಹಿಟ್ಟು ಬಂತು, ಸಕ್ಕರೆ ಹೋಯಿತು. ಗೊಜ್ಜು ಬಂತು; ಮತ್ತೆ ಸಕ್ಕರೆ.

ನಾಲ್ಕನೇ ಸಲ ಯಜಮಾನರೇ ಬಾಗಿಲು ತೆಗೆದರು. "ದಯವಿಟ್ಟು ಖಾಲಿ ಕೊಡಿ ಮೇಷ್ಟ್ರೇ. ನಂಗೆ ಶುಗರ್ ಇದೆ. ಈಗೀಗ ನಿಮ್ಮನ್ನ ನೋಡಿದ್ರೇ ಏರುತ್ತೆ."

ನನ್ನ ಮೊದಲ ಹುಳಿ

ಕೊನೆಗೆ ನರ್ಸಮ್ಮ ಫೋನಿನಲ್ಲಿ ಹೇಳಿಕೊಡುತ್ತಾ ಹೋದರು, ನಾನು ಒಲೆ ಹಚ್ಚಿಯೇ ಬಿಟ್ಟೆ. ನುಗ್ಗೇಕಾಯಿ ಹುಳಿ ಮಾಡಿ ಒಯ್ದೆ. ಉತ್ತರಪತ್ರಿಕೆ ತಿದ್ದುವವರ ಮುಂದೆ ಕೂತ ಹುಡುಗನ ಹಾಗೆ ಎಲ್ಲರ ಮುಖ ನೋಡುತ್ತಾ ಕೂತೆ. ಹೆಡ್‌ಮಿಸ್ ಎಲ್ಲರ ಅಂಗೈಗೂ ಒಂದೊಂದು ಚಮಚ ಹಾಕಿ, ಪಾತ್ರೆಯನ್ನು ಅಡುಗೆಮನೆಯಲ್ಲಿಟ್ಟು ಬಂದರು.

"ಆಹಾ!"

"ಏನ್ ಘಮ!"

"ಕೈ ಪಳಗಿಬಿಟ್ಟಿದೆ ಮೇಷ್ಟ್ರೇ!"

ನನಗೆ ಕಣ್ಣು ತುಂಬಿ ಬಂತು. ಅಷ್ಟು ವರ್ಷ ಬಡಿಸಿದ ಹೆಂಡತಿಗೆ ಒಂದು ದಿನವೂ ನಾನು ಹೀಗೆ ಅಂದಿರಲಿಲ್ಲ.

ಎಲೆ ಹಾಕುವಷ್ಟರಲ್ಲಿ ಒಬ್ಬೊಬ್ಬರಿಗೂ ಅಡುಗೆಮನೆಯಲ್ಲಿ ಏನೋ ಕೆಲಸ. ವಕೀಲರಿಗೆ ನೀರು ಬೇಕು, ಮ್ಯಾನೇಜರ್ ಕೈ ತೊಳೆಯಬೇಕು, ನರ್ಸಮ್ಮ ಹುಳಿ ಬಿಸಿ ಮಾಡಬೇಕು.

ಊಟಕ್ಕೆ ಕೂತೆವು. ಮೊದಲ ತುತ್ತಿಗೇ ಎಲ್ಲರ ಕೈಯೂ ನೀರಿನ ಲೋಟಕ್ಕೆ ಹೋಯಿತು.

"ಮೇಷ್ಟ್ರು ಉಪ್ಪು ಮರೆತಿದ್ರು. ಹೇಳಿದ್ರೆ ಬೇಜಾರಾಗುತ್ತೆ ಅಂತ ನಾನೇ ಒಂದು ಚಮಚ ಹಾಕ್ದೆ," ವಕೀಲರು ಒಪ್ಪಿಕೊಂಡರು.

"ಅಯ್ಯೋ, ನಾನೂ ಹಾಕ್ದೆ!" ಎಂದರು ನರ್ಸಮ್ಮ.

"ನಾನು ಎರಡು," ಎಂದರು ಮ್ಯಾನೇಜರ್.

ಹೆಡ್‌ಮಿಸ್ ತಲೆ ಮೇಲೆ ಕೈ ಇಟ್ಟುಕೊಂಡರು.

ನಕ್ಕೂ ನಕ್ಕೂ ಸಾಕಾಯಿತು. ಆದರೂ ಒಬ್ಬರೂ ಎಲೆ ಬಿಟ್ಟು ಏಳಲಿಲ್ಲ. ಅನ್ನ, ತುಪ್ಪ, ಮೊಸರು ಸುರಿದುಕೊಂಡು ಆ ಹುಳಿಯನ್ನು ಮುಗಿಸಿದರು. ನನ್ನ ಮನಸ್ಸು ನೋಯದಿರಲೆಂದು ಕಳ್ಳಹೆಜ್ಜೆ ಇಟ್ಟ ಇವರ ಉಪ್ಪಿನ ಋಣ ನಾನು ತೀರಿಸಲಾರೆ. ಅದಕ್ಕೇ ಒಂದು ವಿಷಯವನ್ನು ಇವತ್ತಿಗೂ ಅವರಿಗೆ ಹೇಳಿಲ್ಲ: ಅಂಗೈ ನೆಕ್ಕಿದ ಕೂಡಲೇ ಎಲ್ಲರಿಗಿಂತ ಮೊದಲು ಅಡುಗೆಮನೆಗೆ ಓಡಿ, ಎರಡು ಚಮಚ ಉಪ್ಪು ಹಾಕಿ ಬಂದವನು ನಾನೇ.