ನಾಲ್ಕು ಕಾಲಕ್ಕೊಂದೇ ಹೂಚಕ್ರ

ಜಗಳಕ್ಕೆ ಕಾರಣ ನೋಟೀಸಪ್ಪನ ನಾದಿನಿಯ ಮನೆಯ ಬಾಗಿಲು. ಅದಕ್ಕೆ ಅವಳು ಅಂಗಡಿಯಿಂದ ತಂದ ಹೂಚಕ್ರ, ಅಂದರೆ ದುಂಡನೆಯ ಬಳೆಗೆ ಹೂವು ಕಟ್ಟಿದ ಅಲಂಕಾರ, ತೂಗುಹಾಕಿದ್ದಳು. ಕಾಲ ಬದಲಾದ ಹಾಗೆ ಹೊಸದು ತರುತ್ತಿದ್ದಳು. ಅದನ್ನು ನೋಡಿಬಂದ ಹೆಂಡತಿ ಶನಿವಾರವಿಡೀ ಮಾತು ಬಿಟ್ಟಳು. ಬಿಟ್ಟ ಮಾತೆಲ್ಲ ಭಾನುವಾರ ಬೆಳಿಗ್ಗೆ ಆರಕ್ಕೆ ಒಟ್ಟಿಗೆ ವಾಪಸು ಬಂತು.

“ವರ್ಷಕ್ಕೆ ನಾಲ್ಕು ಸಲ ದುಡ್ಡು ಸುರಿಯೋಕೆ ನಾನೇನು ನಿನ್ ತಂಗಿ ಗಂಡನಾ?” ನೋಟೀಸಪ್ಪ ಗುಡುಗಿದ. “ಬಿಡಿಗಾಸು ಖರ್ಚಿಲ್ದೆ ನಾನೇ ಮಾಡ್ತೀನಿ. ಒಂದೇ ಚಕ್ರ, ನಾಲ್ಕೂ ಕಾಲಕ್ಕೆ!”

“ನಿಮ್ ಕೈಲಿ ಆಗೋದು ನೋಟೀಸು ಅಂಟಿಸೋದೊಂದೇ.”

ಅದು ಸುಳ್ಳಲ್ಲ. ಮೂರಂತಸ್ತಿನ ಆ ಹಳೆಯ ಕಟ್ಟಡದ ಸಂಘಕ್ಕೆ ಆತ ಕಾರ್ಯದರ್ಶಿ. ಬೇರೆಯವರಿಗೆ ಸಿಟ್ಟು ಬಂದರೆ ಮುಖ ಕೆಂಪಾಗುತ್ತದೆ. ಇವನಿಗೆ ಬಂದರೆ ನೋಟೀಸುಗಳಿಂದ ಗೋಡೆ ಬೆಳ್ಳಗಾಗುತ್ತಿತ್ತು. ಮೆಟ್ಟಿಲಲ್ಲಿ ಉಗುಳಬಾರದು, ಚಪ್ಪಲಿ ಎಳೆದು ನಡೆಯಬಾರದು, ನೋಟೀಸು ಕೀಳಬಾರದು. ನೀರು ಪೋಲಾಗುತ್ತದೆಂದು, ದಿನಾ ಸಂಜೆ ವಾಚ್‌ಮನ್ ತಾರಸಿಯ ಟ್ಯಾಂಕಿನ ವಾಲ್ವ್ ಮುಚ್ಚಿ, ಅದರ ಹಿಡಿ ಕಳಚಿಟ್ಟು, ಬೆಳಿಗ್ಗೆ ಏಳಕ್ಕೆ ವಾಲ್ವ್ ತೆರೆಯತಕ್ಕದ್ದು ಎಂದೂ ಒಂದು ಅಂಟಿಸಿದ್ದ. ಮೆಟ್ಟಿಲ ಬಲ್ಬು ಕಳುವಾದ ದಿನ ಬರೆದದ್ದಂತೂ ಕೆಂಪು ಶಾಯಿಯಲ್ಲಿತ್ತು: “ಸಾರ್ವಜನಿಕ ವಸ್ತು ಮುಟ್ಟಿದವರು ಒಂದು ತಿಂಗಳು ಪ್ರತಿ ಮನೆಗೂ ದಿನಕ್ಕೊಂದು ಬಕೆಟ್ ನೀರು ಹೊರತಕ್ಕದ್ದು. ಯಾವ ಕಾರಣಕ್ಕೂ ವಿನಾಯಿತಿ ಇಲ್ಲ.”

ಹೆಂಡತಿಯ ಮಾತಿನ ಉರಿಯಲ್ಲೇ ನೋಟೀಸಪ್ಪ ತಾರಸಿ ಹತ್ತಿದ. ಕಾರ್ಯದರ್ಶಿಯಾಗಿ ಆರು ವರ್ಷವಾದರೂ ಅಲ್ಲಿ ಕಾಲಿಟ್ಟದ್ದು ಅದೇ ಮೊದಲು. ಟ್ಯಾಂಕಿನ ಹಿಂದೆ ತಟ್ಟೆಯಗಲದ ಕಬ್ಬಿಣದ ಬಳೆಯೊಂದು ಬಿದ್ದಿತ್ತು. ಒಳಗೆ ನಡುವಿನಿಂದ ಅಂಚಿಗೆ ನಾಲ್ಕು ಕಡ್ಡಿ.

“ಕಟ್ಟಡದ ತುಂಬ ಗುಜರಿ! ಹೇಳೋರಿಲ್ಲ, ಕೇಳೋರಿಲ್ಲ!” ಎಂದು ಗೊಣಗುತ್ತ ಅದನ್ನು ಕಂಕುಳಿಗೆ ಸೇರಿಸಿದ.

ನಾಲ್ಕು ಕಡ್ಡಿ, ನಾಲ್ಕು ಭಾಗ, ನಾಲ್ಕು ಕಾಲ. ವಸಂತಕ್ಕೆ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಹೂವು. ಬೇಸಿಗೆಗೆ ಬಿಸ್ಕತ್ತಿನ ಹಳದಿ ಕಾಗದದ ಸೂರ್ಯ. ಮಳೆಗಾಲಕ್ಕೆ ಮುರಿದ ಕೊಡೆಯ ಬಟ್ಟೆ. ಚಳಿಗಾಲಕ್ಕೆ ದಿಂಬಿನ ಹತ್ತಿ. ಎಲ್ಲಕ್ಕೂ ಚಪ್ಪಲಿ ಅಂಟಿಸುವ ಗೋಂದು. ಕಾಲ ಬದಲಾದಾಗ ಅದರ ಭಾಗ ಮೇಲೆ ಬರುವಂತೆ ಚಕ್ರವನ್ನು ಒಂದಿಷ್ಟು ತಿರುಗಿಸಿದರಾಯಿತು. ಹೊರಗಿನ ಮೊಳೆಗೆ ತೂಗುಹಾಕಿ ಹೆಂಡತಿಯನ್ನು ಕರೆಯುವಷ್ಟರಲ್ಲಿ ಎದುರು ಮನೆಯ ಟೈಲರ್ ಮುಖದ ತುಂಬ ಸೋಪಿನ ನೊರೆಯೊಡನೆ ಹೊರಗೆ ಬಂದ.

“ನಲ್ಲೀಲಿ ನೀರಿಲ್ಲ! ಎಂಥ ಸೆಕ್ರೆಟರಿ ರೀ ನೀವು? ಕಣ್ಣುರೀತಿದೆ!”

ವಾಚ್‌ಮನ್ ಏದುಸಿರು ಬಿಡುತ್ತ ಇಳಿದು ಬಂದ. “ಸಾರ್, ವಾಲ್ವಿನ ಹಿಡಿ ಇಟ್ಟಲ್ಲಿಲ್ಲ. ಯಾರೋ ಹೊಡ್ಕೊಂಡ್ ಹೋಗವ್ರೆ.”

“ಯಾರೋ ಅಲ್ಲ, ನೀನೇ ಕಳ್ದಿರೋದು!” ನೋಟೀಸಪ್ಪ ಕೆಂಪು ಶಾಯಿಯ ಕಡೆ ಬೆರಳು ತೋರಿದ. “ಓದು! ಬೀದಿ ನಲ್ಲಿಯಿಂದ ಹೊರು!”

“ನಾನ್ ಕದ್ದಿಲ್ಲ ಸಾರ್...”

“ವಿನಾಯಿತಿ ಇಲ್ಲ!”

ಹನ್ನೊಂದು ಗಂಟೆಯವರೆಗೆ ಬಡಪಾಯಿ ಬಕೆಟ್ ಹೊತ್ತ. ನೀರಿಗಾಗಿ ಕಾಯುವವರೆಲ್ಲ ನೋಟೀಸಪ್ಪನ ಬಾಗಿಲಲ್ಲೇ ನಿಂತು ಬೈದರು. ಬೈಯುತ್ತಲೇ ಹೂಚಕ್ರಕ್ಕೂ ಕೈ ಹಾಕಿದರು. ಮೂರನೇ ಮಹಡಿಯ ಟೀಚರಮ್ಮ, ನಿವೃತ್ತಿಯಾದರೂ ತಪ್ಪು ತಿದ್ದುವುದನ್ನು ಬಿಡದವರು, “ಈಗ ಬೇಸಿಗೆ ಕಣಪ್ಪ, ವಸಂತ ಮುಗೀತು,” ಎಂದು ತಿರುಗಿಸಿದರು. “ನೀರಿಲ್ದೇ ಇರೋವಾಗ ಮಳೆನಾದ್ರೂ ಮೇಲಿರ್ಲಿ,” ಎಂದು ಟೈಲರ್ ಇನ್ನಷ್ಟು ತಿರುಗಿಸಿದ.

“ಮುಟ್ಬೇಡ್ರೀ!” ಎಂದು ಅರಚಿ ನೋಟೀಸಪ್ಪ ಹೊಸ ನೋಟೀಸು ಬರೆಯಲು ಕೂತ. “ಏಯ್, ಕಳೆದುಹೋದ ಹಿಡಿ ಗುರುತು ಹೇಳು.”

ವಾಚ್‌ಮನ್ ಬಕೆಟ್ ಕೆಳಗಿಟ್ಟ. “ಕಬ್ಬಿಣದ್ದು ಸಾರ್. ಗುಂಡಗೆ, ತಟ್ಟೆಯಷ್ಟಗಲ. ಒಳಗೆ ನಾಕು ಕಡ್ಡಿ.”

‘ನಾಲ್ಕು’ ಎಂದು ಬರೆದ ಪೆನ್ನು ಅಲ್ಲೇ ನಿಂತಿತು. ನೋಟೀಸಪ್ಪ ಮೆಲ್ಲನೆ ಬಾಗಿಲ ಕಡೆ ನೋಡಿದ.

“ಚೆನ್ನಾಗಿದೆ ಸಾರ್ ನಿಮ್ಮ ಹೂವು,” ಎಂದ ವಾಚ್‌ಮನ್, ಅದೇ ಕಡೆ ನೋಡುತ್ತ. “ಬಸ್ಸಿನ ಸ್ಟೇರಿಂಗ್ ಥರ ಐತೆ.”

“ಹೋಗಯ್ಯ, ನೀರು ಹೊರು!” ಎಂದ ನೋಟೀಸಪ್ಪ. ಆದರೆ ಈ ಸಲ ದನಿ ಒಡೆದ ಕೊಳವೆಯಂತಿತ್ತು.

ಮಧ್ಯಾಹ್ನದ ಊಟ ಮುಗಿಸಿ ಕಟ್ಟಡವೆಲ್ಲ ಮಲಗಿದ ಹೊತ್ತಿನಲ್ಲಿ ಆತ ಚಕ್ರವನ್ನು ಪೇಪರಿನಲ್ಲಿ ಸುತ್ತಿಕೊಂಡು ತಾರಸಿಗೆ ಓಡಿದ. ಅಲಂಕಾರ ಕಿತ್ತುಹಾಕೋಣವೆಂದರೆ ಗೋಂದು ಕಲ್ಲಾಗಿತ್ತು. ಉಗುರು ಮುರಿಯಿತು, ಹತ್ತಿ ಅಲುಗಲಿಲ್ಲ. ಕೆಳಗೆ ಯಾರದೋ ಬಾಗಿಲ ಸದ್ದು. ಗೋಂದಿಗೆ, ಚಪ್ಪಲಿಗೆ, ನಾದಿನಿಗೆ ಶಾಪ ಹಾಕುತ್ತ ಹಿಡಿಯನ್ನು ಇದ್ದ ಹಾಗೇ ಸಿಕ್ಕಿಸಿ ತಿರುಗಿಸಿದ. ನೀರು ಭೋರೆಂದಿತು. ಇಳಿದು ಬಂದು ಮುಸುಕು ಹಾಕಿ ಮಲಗಿದ.

ಐದೇ ನಿಮಿಷ. ಹೆಂಡತಿ ಕೂಗಿದಳು: “ಅಯ್ಯೋ, ನಮ್ ಹೂಚಕ್ರ ಕಳುವಾಗಿದೆ ರೀ!” ಅದೇ ಗಳಿಗೆಗೆ ಮೇಲಿನಿಂದ ವಾಚ್‌ಮನ್: “ಹಿಡಿ ಸಿಕ್ತು! ಎಲ್ಲಾ ಬನ್ನಿ!”

ಎಲ್ಲರೂ ಹತ್ತಿದರು. ನೋಟೀಸಪ್ಪನನ್ನು ಹೆಂಡತಿಯೇ ಎಳೆದು ತಂದಳು. ಟ್ಯಾಂಕಿನ ಪಕ್ಕ, ಮದುಮಗನಂತೆ ಸಿಂಗಾರಗೊಂಡ ವಾಲ್ವ್ ನಿಂತಿತ್ತು.

“ನೋಡಿ ಟೀಚರಮ್ಮ,” ವಾಚ್‌ಮನ್ ತಿರುಗಿಸಿ ತೋರಿಸಿದ. “ಬೇಸಿಗೆಯಿಂದ ಮಳೆಗಾಲಕ್ಕೆ ತಿರುಗಿಸಿದ್ರೆ ನೀರು ಬರ್ತದೆ.”

“ಕದ್ದೋನು ಅಲಂಕಾರ ಮಾಡಿ ವಾಪಸ್ ತಂದಿದಾನಲ್ಲಪ್ಪ!” ಎಂದ ಟೈಲರ್.

ಹೆಂಡತಿ ಬಗ್ಗಿ ನೋಡಿದಳು. “ಇದು ನನ್ ದಿಂಬಿನ ಹತ್ತಿ,” ಎಂದಳು.

ವಾಚ್‌ಮನ್ ತನ್ನ ಬಕೆಟ್ ತಂದು ನೋಟೀಸಪ್ಪನ ಕಾಲ ಬಳಿ ಇಟ್ಟ.

“ನಲ್ಲೀಲಿ ನೀರು ಬರ್ತಿದೆಯಲ್ರೀ ಈಗ! ಹೊರೋದ್ಯಾಕೆ?” ಎಂದು ನೋಟೀಸಪ್ಪ ಕೂಗಾಡಿದ. ಟೀಚರಮ್ಮ ಕೆಂಪು ಶಾಯಿಯನ್ನು ಬಾಯಿಪಾಠವಾಗಿ ಒಪ್ಪಿಸಿದರು, ಕೊನೆಯ ಸಾಲನ್ನು ಎರಡು ಸಲ.

ಈಗ ದಿನಾ ಬೆಳಿಗ್ಗೆ ನಲ್ಲಿಗಳು ಭೋರ್ಗರೆಯುವ ಮನೆಗಳಿಗೆ ನೋಟೀಸಪ್ಪ ಹಲ್ಲು ಕಡಿಯುತ್ತ ನೀರು ಹೊರುತ್ತಾನೆ. ವಾಚ್‌ಮನ್ ಸ್ಟೂಲಿನ ಮೇಲೆ ಕೂತು ಬಕೆಟ್ ಎಣಿಸುತ್ತಾನೆ. ಪ್ರತಿ ಸುತ್ತಿಗೂ ನೋಟೀಸಪ್ಪ ತನ್ನ ಬಾಗಿಲನ್ನು ದಾಟಲೇಬೇಕು. ಅಲ್ಲಿ ಮೊಳೆ ಖಾಲಿಯಿಲ್ಲ. ಬಿಡಿಗಾಸು ಖರ್ಚಿಲ್ಲದೆ ಸಿಕ್ಕ ಹೂಚಕ್ರವೊಂದು ತೂಗುತ್ತಿದೆ. ನಾದಿನಿ ತನ್ನ ಮನೆಯ ಹಳೆಯದನ್ನು ಕೊಟ್ಟು ಕಳಿಸಿದ್ದಾಳೆ.